ಗೆರೆ ಎಳೆಯದ ಚುಕ್ಕಿಗಳು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ಡಿಸೆಂಬರಿನ ಬಗ್ಗೆ ಡೈರಿಯಲ್ಲಿರುವುದು ಎರಡೇ ಸಾಲು. ಉಳಿದದ್ದನ್ನು ಆಮೇಲೆ ನಾನೇ ಕೂಡಿಸಿಕೊಂಡಿದ್ದೇನೇನೋ. ಅಮ್ಮ ಹೇಳಿದ ಪದ ‘ನಕ್ಷತ್ರ’ ಎಂದೇ ನನ್ನ ನೆನಪು. ‘ಚುಕ್ಕಿ’ ಎಂದವಳು ನಾನು.

ಕ್ರಿಸ್ಮಸ್ಸಿಗೆ ಮುಂಚೆ ಚರ್ಚಿನ ಮೈದಾನದಲ್ಲಿ ಮನೆಯಲ್ಲೇ ಮಾಡಿದ ತಿಂಡಿ, ಅಲಂಕಾರದ ಸಾಮಾನುಗಳ ಸಂತೆ ನಡೆಯುತ್ತದೆ. ಅಲ್ಲಿ ನಮ್ಮದೂ ಒಂದು ಮೇಜು. ಕೌಲ್ ಬಜಾರಿನ ನಮ್ಮ ಮನೆಯಲ್ಲಿ ವಾರಗಟ್ಟಲೆ ಕಾದ ಎಣ್ಣೆಯ, ಏಲಕ್ಕಿಯ ವಾಸನೆ. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಪುಟ್ಟ ಉಂಡೆ ಒತ್ತಿ ಸುರುಳಿ ಸುತ್ತಿ ಕರಿದರೆ ಕಲ್‌ಕಲ್, ಕ್ರಿಸ್ಮಸ್ಸಿನ ಸಿಹಿ ತಿಂಡಿ. ಓಣಿಯ ಜೀನ್ಸ್ ಹೊಲಿಯುವವರು ಕೊಟ್ಟ ಕತ್ತರಿಸಿ ಉಳಿದ ತುಂಡುಗಳಿಂದ ಅಮ್ಮ ನಕ್ಷತ್ರ ಮಾಡುತ್ತಿದ್ದಳು. ನೀಲಿ ಅರಿವೆಯ ನಕ್ಷತ್ರಗಳು ಹಗ್ಗದ ಮೇಲೆ ನಿಧಾನಕ್ಕೆ ತಿರುಗುತ್ತಿದ್ದವು.

ಆ ವರ್ಷ ಅಮ್ಮನ ಬೆರಳಿನ ಗಂಟುಗಳು ಬಾತುಕೊಂಡು, ದಪ್ಪ ಅರಿವೆಯ ಮೇಲೆ ಕತ್ತರಿ ಆಡಿಸಲಾಗಲಿಲ್ಲ. ಅವಳಿಗಿಂತ ಚೆನ್ನಾಗಿ ಹೊಲಿಯುವವಳು ಒಬ್ಬಳೇ: ಸಿರುಗುಪ್ಪದ ಚಿಕ್ಕಮ್ಮ. ಆಕೆ ಇಷ್ಟಪಟ್ಟವನನ್ನು ಮದುವೆಯಾಗಿ ಅಲ್ಲಿಯ ಒಂದು ಶೈವರ ಮನೆಯನ್ನು ಸೇರಿದ ದಿನದಿಂದ ಅಕ್ಕ ತಂಗಿಯರಲ್ಲಿ ಮಾತಿಲ್ಲ.

“ಅಕಿಗೆ ಹೇಳು, ನಕ್ಷತ್ರ ಬೇಕಂತ,” ಎಂದಳು ಅಮ್ಮ. ಹೆಸರು ಹೇಳಲಿಲ್ಲ.

ನಾನು ತುಂಡುಗಳ ಚೀಲ ಹೊತ್ತು ಕುರುಗೋಡಿಗೆ, ಅಜ್ಜಿಯ ಮನೆಗೆ ಹೋದೆ. ಅಜ್ಜಿ ಹೇಳಿ ಕಳಿಸಿದ್ದರಿಂದ ಅತ್ತ ಸಿರುಗುಪ್ಪದಿಂದ ಚಿಕ್ಕಮ್ಮ ಬಂದಿದ್ದಳು. ಬೆಟ್ಟದ ಬಂಡೆಗಳು ಬಿಸಿಲಿನಲ್ಲಿ ನಿದ್ದೆ ಹೋದಂತಿದ್ದವು.

“ಅಮ್ಮಗ ಚುಕ್ಕಿ ಬೇಕಂತ,” ಎಂದೆ. ನಮ್ಮ ಕಡೆ ಆಕಾಶದ್ದೂ ಚುಕ್ಕಿ, ರಂಗೋಲಿಯದೂ ಚುಕ್ಕಿ. ಚರ್ಚಿನಲ್ಲಿ ಓದುವಾಗ ಮಾತ್ರ ಅದು ನಕ್ಷತ್ರ.

“ನನ್ನ ಹೆಸರು ಹಿಡಿದು ಕೇಳಿದ್ಲೇನು?”

“ಹೂಂ.”

“ಲೇ, ಸುಳ್ಳು ಹೇಳೋ ಮುಂದ ನಿನ್ನ ಮೂಗು ಅರಳತೈತಿ.” ಚಿಕ್ಕಮ್ಮ ನಕ್ಕಳು. ಆದರೆ ಚೀಲ ತೆಗೆದುಕೊಂಡಳು.

“ಅಕ್ಕ ತಂಗಿ ಇಬ್ರೂ ಕೂಡಿ ನನ್ನ ಮನೀನ ಪೋಸ್ಟಾಫೀಸ್ ಮಾಡೀರಿ,” ಎಂದು ಅಜ್ಜಿ ಗೊಣಗಿದಳು.

ಸಂತೆಗೆ ಎರಡು ದಿನ ಇರುವಾಗ ಸಿರುಗುಪ್ಪದ ಬಸ್ಸಿನಲ್ಲಿ ಡಬ್ಬಿ ಬಂತು. ಒಳಗೆ ಒಂದೂ ನಕ್ಷತ್ರವಿರಲಿಲ್ಲ. ಅಂಗೈಯಗಲದ ಚೌಕ ತುಂಡುಗಳು. ಪ್ರತಿಯೊಂದರ ಮೇಲೂ ಬಿಳಿ ದಾರದ ಸಣ್ಣ ಗಂಟುಗಳು, ದೂರ ದೂರ.

ಅಮ್ಮ ಡಬ್ಬಿಯ ಮುಚ್ಚಳ ಒತ್ತಿದಳು. “ಗಂಡನ ಮನ್ಯಾಗ ಅಂಗಳಕ್ಕ ಇಡೋ ಚುಕ್ಕಿ ನನಗ ಕಳಿಸ್ಯಾಳ. ಅಣಕಸ್ತಾಳ ನನ್ನ. ಇನ್ನ ಅಕಿ ಸುದ್ದಿ ನನ್ನ ಮುಂದ ತೆಗೀಬ್ಯಾಡ.”

ಆ ಪದ ನನ್ನದು ಎಂದು ಆಗಲೇ ಹೇಳಬೇಕಿತ್ತು. ಹೇಳಿದೆನೇ? ಹೇಳಿದಂತೆ ಒಮ್ಮೊಮ್ಮೆ ನೆನಪಾಗುತ್ತದೆ. ಆ ನೆನಪನ್ನು ನಾನು ನಂಬುವುದಿಲ್ಲ. ಅವರಿಬ್ಬರ ನಡುವಿನ ಬಾಗಿಲು ತುಸು ತೆರೆದಿತ್ತು, ನನ್ನ ಒಂದು ಮಾತಿನಿಂದ ಮತ್ತೆ ಮುಚ್ಚಿತು ಎಂಬ ಭಯ ಮಾತ್ರ ನಿಜ.

ಸಂತೆಯ ದಿನ ಅಜ್ಜಿಯೂ ಬಂದಳು. ಮಧ್ಯಾಹ್ನ ಜನ ತೆಳುವಾದಾಗ, ಉಳಿದ ಸಾಮಾನಿನ ಜೊತೆ ಬಂದು ಮೇಜಿನ ಕೆಳಗಿದ್ದ ಆ ಡಬ್ಬಿ ಅವಳ ಕಾಲಿಗೆ ತಾಗಿತು. ಒಂದು ತುಂಡು ತೆಗೆದು ಕಣ್ಣಿನ ಹತ್ತಿರ ಹಿಡಿದಳು.

“ಚುಕ್ಕಿ ಇಟ್ಟು ಹಿಂಗ ಬಿಟ್ರ ಹೆಂಗ? ಗೆರಿ ಯಾರು ಎಳೀಬೇಕು?”

“ನನಗೇನ್ ಗೊತ್ತು?” ಎಂದಳು ಅಮ್ಮ.

“ಸೂಜಿ ಹಿಡಿಯಾಕ ಬರತೈತಿಲ್ಲೋ? ಹಿಡಿ.”

ಅಮ್ಮ ಬೇಸರದಿಂದಲೇ ಬಿಳಿ ದಾರ ಪೋಣಿಸಿದಳು. ಒಂದು ಗಂಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಬೇವಿನ ನೆರಳು ಅವಳ ಕೈಮೇಲೆ ನೀರಿನಂತೆ ಅಲುಗುತ್ತಿತ್ತು. ಮೈದಾನದ ಸದ್ದು ಎಲ್ಲೋ ದೂರಕ್ಕೆ ಸರಿದಿತ್ತು. ಅವಳ ತೊಡೆಯ ಮೇಲೆ, ನೀಲಿ ಅರಿವೆಯೊಳಗಿಂದ, ಎಂಟು ಮೂಲೆಯ ನಕ್ಷತ್ರವೊಂದು ಎದ್ದು ಬಂತು. ಅಮ್ಮ ಇನ್ನೊಂದು ತುಂಡು ತೆಗೆದಳು. ಅದರಲ್ಲೂ ನಕ್ಷತ್ರವಿತ್ತು. ಮೂರನೆಯದರಲ್ಲೂ. ಕೊಳ್ಳಲು ನಿಂತವರು ಕಾಯುತ್ತಲೇ ಇದ್ದರು, ಅವಳು ತಲೆ ಎತ್ತಲಿಲ್ಲ.

ಆಮೇಲೆ, “ಅಕಿಗೆ ಫೋನ್ ಹಚ್ಚು,” ಎಂದಳು.

“ಏನಂತ ಹೇಳ್ಲಿ?”

“ನೀ ಏನೂ ಹೇಳಬ್ಯಾಡ. ಇಲ್ಲಿ ಕೊಡು.”

ಫೋನನ್ನು ಕಿವಿಗಿಟ್ಟು ಅಮ್ಮ ತೊಡೆಯ ಮೇಲಿನ ನಕ್ಷತ್ರವನ್ನು ಬೆರಳಿನಿಂದ ಸವರಿದಳು. “ನಾನಲೇ,” ಎಂದಳು. “ಇನ್ನಷ್ಟು ಚುಕ್ಕಿ ಇಟ್ಟು ಕಳಿಸು. ಕಳಿಸೋದೇನು, ನೀನ ತಗೊಂಡು ಬಾ.”

ಈಗ ಪ್ರತಿ ಡಿಸೆಂಬರಿನಲ್ಲೂ ಚಿಕ್ಕಮ್ಮ ಬರುತ್ತಾಳೆ. ಅವಳು ಚುಕ್ಕಿ ಇಡುತ್ತಾಳೆ, ಅಮ್ಮ ಗೆರೆ ಎಳೆಯುತ್ತಾಳೆ. ಯಾರ ಕೈ ಚೆಂದ ಎಂದು ಇಬ್ಬರೂ ಜಗಳಾಡುತ್ತಾರೆ. ಈ ಸಲ ಕಲ್‌ಕಲ್ ಸುತ್ತುತ್ತಾ ಕೂತಾಗ ಚಿಕ್ಕಮ್ಮನನ್ನು ಕೇಳಿಯೇಬಿಟ್ಟೆ. ಅವಳು ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡು, ಒಂದು ಉಂಡೆ ಒತ್ತಿ, ನನ್ನ ಮೂಗನ್ನೇ ನೋಡುತ್ತ ನಕ್ಕಳು. ನಾನು ಕೇಳಿದ್ದು ಇಷ್ಟೇ:

“ಚಿಕ್ಕಮ್ಮ, ನಾ ಚುಕ್ಕಿ ಅಂದಿದ್ದು ನಿನಗ ತಪ್ಪು ತಿಳೀತೋ, ಇಲ್ಲ ಎಲ್ಲಾ ತಿಳಿದೇ ಗೆರಿ ಎಳಿಯೋದು ಅಮ್ಮಗ ಅಂತ ಬಿಟ್ಟಿದ್ಯೋ?”