ಒಡೆಯ ಅಂದ ಮೇಲೆ

ಮತ್ತೋಡಿನ ಮೊದಲ ಬೆಳಿಗ್ಗೆ ನನಗೆ ಕಾಫಿ ಸಿಗಲಿಲ್ಲ. ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಲೋಟ ತೊಳೆದಿಟ್ಟಿತ್ತು. ಮನೆಯೊಡತಿ ಹಾಲಮ್ಮ ನನ್ನ ಮುಖ ನೋಡಿ, ನಿಮ್ಮ ಪೂಜೆ ಆಯಿತಾ ಎಂದು ಕೇಳಿದರು. ನಾವು ಕ್ರೈಸ್ತರು, ನಮ್ಮಲ್ಲಿ ಪೂಜೆ ಇಲ್ಲ ಎಂದೆ.

"ಪೂಜೆ ಇಲ್ದಿದ್ರೆ ಬ್ಯಾಡ. ದೇವ್ರಂತೂ ಅವ್ನೆ ತಾನೆ? ನೆನೆಸ್ಕಂಡು ಬರ್ರಿ. ಅದಕ್ಕೂ ಮುಂಚೆ ಈ ಮನೇಲಿ ಯಾರೂ ಬಾಯಿಗೆ ಏನೂ ಹಾಕಲ್ಲ."

ನಾನು ಕೋಣೆಗೆ ಹೋಗಿ ಐದು ನಿಮಿಷ ಸುಮ್ಮನೆ ಕೂತು, ಪ್ರಾರ್ಥಿಸಿದವಳ ಮುಖ ಮಾಡಿಕೊಂಡು ಹೊರಗೆ ಬಂದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಉಡುಪಿ ಕಡೆಯಿಂದ ಹೊಸದುರ್ಗ ತಾಲೂಕಿನ ಮತ್ತೋಡಿಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಬಂದಿದ್ದೆ. ನಮ್ಮ ಕಡಲ ಕಡೆಯವರಿಗೆ ಇಲ್ಲಿನ ಬಯಲನ್ನು ಹೇಗೆ ವಿವರಿಸಲಿ? ಅಲ್ಲಿ ಬಾವಿಗೆ ಬಗ್ಗಿದರೆ ನೀರು. ಇಲ್ಲಿ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪಿನ ನೊರೆಯೇ ಏಳುತ್ತಿರಲಿಲ್ಲ. ಅಲ್ಲಿ ಮೀನಿಲ್ಲದ ದಿನವೇ ಉಪವಾಸ. ಇಲ್ಲಿ ಹಾಲಮ್ಮನವರದು ಲಿಂಗಾಯತರ ಮನೆ, ಮುದ್ದೆ ಮತ್ತು ಹುರುಳಿಕಾಳಿನ ಸಾರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಕಲಿತ ದಿನ ಹಾಲಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ಅಲ್ಲಿ ಮನೆಯಿಂದ ನಾಲ್ಕು ಹೆಜ್ಜೆಗೆ ಚರ್ಚು. ಇಲ್ಲಿಂದ ಚರ್ಚಿಗೆ ಹೋಗಬೇಕೆಂದರೆ ಹೊಸದುರ್ಗಕ್ಕೆ ಹೋಗಿ ಬಸ್ಸು ಬದಲಿಸಿ, ಹೊಳಲ್ಕೆರೆ ದಾಟಿ ಚಿತ್ರದುರ್ಗ ಸೇರಬೇಕು. ನಾನು ಹೋಗುತ್ತಲೇ ಇರಲಿಲ್ಲ.

ಇಷ್ಟು ದೂರದ ಊರನ್ನು ನಾನೇ ಆರಿಸಿಕೊಂಡಿದ್ದೆ. ನನಗೆ ನಿಶ್ಚಯವಾಗಿದ್ದ ಹುಡುಗ ನನ್ನ ತಂಗಿ ವಿಮಲಳನ್ನು ಮದುವೆಯಾದ. ಅವಳೂ ಒಪ್ಪಿದಳು. ಮೂರು ವರ್ಷ ನಾನು ಅವಳೊಡನೆ ಮಾತಾಡಲಿಲ್ಲ. ಅವಳ ಕಾಗದಗಳನ್ನು ಓದದೆ ಹರಿದು ಹಾಕಿದೆ.

ಹಾಲಮ್ಮ ಪ್ರತಿ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅಲುಗಾಡದೆ ಕೂರುತ್ತಿದ್ದರು. ಆಚೆ ಕೋಣೆಯಲ್ಲಿ ನಾನು ಸುಳ್ಳು ಪ್ರಾರ್ಥನೆಯಲ್ಲಿ ಕೂರುತ್ತಿದ್ದೆ. ಕೆಲವು ವಾರಗಳಲ್ಲಿ ನಾಚಿಕೆಯಾಗಿ, ಅಮ್ಮ ಕೊಟ್ಟಿದ್ದ ಬೈಬಲನ್ನು ಪೆಟ್ಟಿಗೆಯಿಂದ ತೆಗೆದೆ. ಓದು ಬಾರದ ಹಾಲಮ್ಮ, ಅದನ್ನು ಜೋರಾಗಿ ಓದಿರಿ, ನಾನೂ ಕೇಳುತ್ತೇನೆ ಎಂದರು. ಅಂದಿನಿಂದ ಅವರು ಅವರೆಕಾಯಿ ಸುಲಿಯುತ್ತಲೋ ಕಾಳು ಆರಿಸುತ್ತಲೋ ಕೇಳಿಸಿಕೊಳ್ಳುವರು. ನಿಮ್ಮ ಸ್ವಾಮಿ ಇವತ್ತು ಏನು ಹೇಳಿದ್ದಾನೆ ಎಂದು ಅವರೇ ವಿಚಾರಿಸುವರು.

ಒಂದು ದಿನ ಆ ಪುಟ ಬಂತು. ಕಾಣಿಕೆ ಕೊಡಲು ಬಂದವನಿಗೆ, ಒಡಹುಟ್ಟಿದವರ ಜೊತೆ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕು ಎಂದು ಯೇಸು ಹೇಳುವ ಮಾತು. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಅಂದು ಆ ಸಾಲಿಗೇ ಪುಸ್ತಕ ಮುಚ್ಚಿಬಿಟ್ಟೆ. ನಿಮಗೆ ಹಾಗೆ ಯಾರಾದರೂ ಇದ್ದಾರಾ ಎಂದು ಹಾಲಮ್ಮ ಮೆಲ್ಲಗೆ ಕೇಳಿದರು. ಎಲ್ಲವನ್ನೂ ಹೇಳಿದೆ. ತಪ್ಪು ಅವಳದು, ನಾನೇಕೆ ಹೋಗಲಿ ಎಂದೂ ವಾದಿಸಿದೆ.

"ತಪ್ಪು ಅವಳ್ದೇ ಇರ್ಲಿ," ಎಂದರು ಹಾಲಮ್ಮ. "ಆದ್ರೆ ಹೋಗು ಅಂದಿರೋದು ನಿಮಗಲ್ವಾ? ಒಡೆಯ ಅಂದ ಮೇಲೆ ಮಾತು ಕೇಳ್ಬೇಕು ಟೀಚರಮ್ಮ. ನಮಗೆ ಸರಿ ಕಂಡಿದ್ದನ್ನಷ್ಟೇ ಕೇಳಿದ್ರೆ ನಾವೇ ಒಡೇರು ಆದಂಗಾಯ್ತು."

ಎರಡು ದಿನ ಅವರ ಮೇಲೆ ಸಿಟ್ಟಾಗಿದ್ದೆ. ಪ್ರತಿ ಕೀರ್ತನೆಯಲ್ಲೂ ಕರ್ತನೇ, ಕರ್ತನೇ ಎಂದು ಹಾಡಿ ಬೆಳೆದವಳು ನಾನು. ನನಗೆ ಇಷ್ಟವಿಲ್ಲದ ಒಂದು ಕೆಲಸವನ್ನೂ ಅವನು ಹೇಳಿದನೆಂದು ಮಾಡಿರಲಿಲ್ಲ. ಮೂರನೆಯ ಬೆಳಿಗ್ಗೆ ಮೊಣಕಾಲೂರಿ, ನನಗೆ ಹೋಗಲು ಮನಸ್ಸಿಲ್ಲ, ನೀನು ಹೇಳಿದ್ದಕ್ಕೆ ಹೋಗುತ್ತೇನೆ ಎಂದೆ. ದೀಕ್ಷಾಸ್ನಾನ ಹಸುಗೂಸಾಗಿದ್ದಾಗಲೇ ಆಗಿತ್ತು. ಕ್ರೈಸ್ತಳಾದದ್ದು ಆ ದಿನ.

ದಸರಾ ರಜೆಯಲ್ಲಿ ವಿಮಲಳ ಮನೆಗೆ ಹೋದೆ. ತುಂಬು ಬಸುರಿಯಾಗಿದ್ದ ಅವಳೇ ಬಾಗಿಲು ತೆಗೆದಳು. ಕ್ಷಮಿಸಿದ್ದೇನೆ ಎಂದು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಯಿಂದ ಬಂದದ್ದು ಬೇರೆಯೇ: ನಿನ್ನ ಕಾಗದ ಹರಿದೆ, ಕ್ಷಮಿಸು. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಊಟ ಆಗಿದೆಯಾ ಎಂದು ಕೇಳಿದಳು. ಅವಳ ಗಂಡ ಒಳಗಿನಿಂದ ಹೊರಗೆ ಬರಲಿಲ್ಲ. ಎಲ್ಲ ಅಂದೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅವನನ್ನು ಕಂಡರೆ ಇನ್ನೂ ಎರಡು ವರ್ಷ ಎದೆ ಉರಿಯುತ್ತಿತ್ತು. ಆದರೆ ಆ ಉರಿಗೆ ನಾನು ಮತ್ತೆ ಚಾಕರಿ ಮಾಡಲಿಲ್ಲ.

ಮುಂದೆ ಊರ ಕಡೆಗೆ ವರ್ಗವಾಗುವ ಅವಕಾಶ ಬಂದಾಗ ಚಿತ್ರದುರ್ಗವನ್ನೇ ಕೇಳಿಕೊಂಡೆ. ಅಲ್ಲಿನ ಚರ್ಚಿನಲ್ಲಿ ಭಾನುವಾರದ ಮಕ್ಕಳ ತರಗತಿ ನನ್ನ ಪಾಲಿಗೆ ಬಂತು. ಅಷ್ಟು ವರ್ಷ ಜೊತೆಗಿದ್ದು ಹಾಲಮ್ಮನನ್ನು ಸಭೆಗೆ ಕರೆತರಲಿಲ್ಲವೇ ಎಂದು ಕೆಲವರು ಬೇಸರಪಟ್ಟರು. ನನ್ನನ್ನು ಕರೆತಂದವರೇ ಅವರು ಎಂದರೆ ನಂಬಲಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ ಹಾಲಮ್ಮ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ನಾನೂ ಮನೆಯ ಹೆಂಗಸರ ಸಾಲಿನಲ್ಲೇ ನಿಂತಿದ್ದೆ.

ಕಳೆದ ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ, ವಿಮಲಳ ಮನೆಯಲ್ಲಿ ಕೂಡಿದವರು ನನಗೆ ಪ್ರಾರ್ಥನೆ ಮಾಡಲು ಹೇಳಿದರು. ಮನೆಮಾತು ತುಳು, ಚರ್ಚಿನದು ಪುಸ್ತಕದ ಕನ್ನಡ. ನನ್ನ ಬಾಯಿಂದ ಎರಡೂ ಬರಲಿಲ್ಲ. "ಸ್ವಾಮಿ, ನಿನ್ ಮಾತು ಕೇಳೋದು ಕಷ್ಟ ಐತೆ. ಆದ್ರೂ ಕೇಳ್ತೀವಿ," ಎಂದೆ. ಮಕ್ಕಳು ಕಿಸಕ್ಕನೆ ನಕ್ಕರು. ಎಲ್ಲರಿಗಿಂತ ಮೊದಲು ಆಮೆನ್ ಎಂದವಳು ವಿಮಲ.

ಆಮೇಲೆ ಮೀನು ಹೆಚ್ಚುತ್ತಾ ಅವಳು, ನೀನು ಇನ್ನು ನಮ್ಮೂರಿಗೆ ಬಂದು ಇರುವುದಿಲ್ಲ ಅಲ್ಲವಾ ಅಕ್ಕ, ಎಂದು ಕೇಳಿದಳು. ಬಂದಿದ್ದೇನಲ್ಲ ಎಂದೆ. ಚಿತ್ರದುರ್ಗಕ್ಕೆ ನನ್ನ ವಾಪಸು ಬಸ್ಸಿನ ಚೀಟಿಯನ್ನು ಅವಳೇ ಮೊದಲೇ ತೆಗೆಸಿಟ್ಟಿದ್ದಳು.