ಕೇಳಿಸಿಕೊಂಡು ಕಲಿಸಿದವರು

ಹೋದ ವಾರ ಆಫೀಸಿನಲ್ಲಿ ಹೊಸ ಕೀಬೋರ್ಡ್ ಕೊಟ್ಟರು. ಎಫ್ ಮತ್ತು ಜೆ ಅಕ್ಷರಗಳ ಮೇಲೆ ಸಣ್ಣ ಗೆರೆಯೊಂದು ಉಬ್ಬಿರುತ್ತದಲ್ಲ, ಅದನ್ನು ಬೆರಳಿನಿಂದ ಸವರಿದೆ. ನೋಡದೆಯೇ ಬೆರಳು ತನ್ನ ಜಾಗ ಹಿಡಿಯಲೆಂದು ಆ ಗೆರೆ ಇದೆ ಎಂದು ನನಗೆ ಮೊದಲು ಹೇಳಿದವರು ಮಹದೇವಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳು. ಅಕ್ಕಾರ ಎಂದು ಕರೆಯುತ್ತಿದ್ದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಟ್ಟಿನಿಂದ ಹಾಗಲ್ಲ. ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು. ಚಿಕ್ಕಂದಿನಿಂದ ಇದ್ದ ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ, ಆಮೇಲೆ ಕಿಡ್ನಿಗೆ ಬಂತು. ಕೆಲಸ ಬಿಟ್ಟು ತಾಯಿಯ ಜೊತೆ ಮೊದಲ ಮಹಡಿಯಲ್ಲಿದ್ದರು. ಅವರ ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಎದ್ದ ಕಟ್ಟಡ ಅದು. ಕೆಳಗಿನ ಕೋಣೆಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದ ನಮ್ಮಂಥವರು. ಅಪ್ಪ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ಅವ್ವ ಅಲ್ಲೇ ಮನೆಗೆಲಸಕ್ಕೆ ಹೋಗುತ್ತಿದ್ದಳು. ಬಿ.ಎ. ಮುಗಿಸಿದ್ದ ನಾನು ಮಾರತ್ತಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೆ.

ಒಂದು ರಜೆಯ ದಿನ ಅಂಗಡಿಯ ಹತ್ತಿರದ ಕಂಪ್ಯೂಟರ್ ತರಗತಿಗೆ, ನೋಡೋಣ ಅಂತ ಹೋದೆ. ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು, ಅದೂ ಓಡುವ ಇಂಗ್ಲಿಷು. ಒಂದು ಸಾಲೂ ತಲೆಗೆ ಹೋಗಲಿಲ್ಲ. ವಾಪಸ್ ಬಂದು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ.

ಮೇಲಿನಿಂದ ಅಕ್ಕನ ದನಿ ಬಂತು. “ಯಾರದು ಅಳ್ತಿರೋದು?”

“ನಾನ್ರೀ ಅಕ್ಕಾರ, ಕೆಳಗಿನ ಮನಿಯಾಕಿ. ಕಂಪ್ಯೂಟರ್ ಕ್ಲಾಸಿನ್ಯಾಗ ಹೇಳಿದ್ದು ನನಗ ಏನೂ ತಿಳೀಲಿಲ್ರೀ.”

“ಏನು ಹೇಳಿದ್ರು?”

ಹೇಳಿದೆ. ಅವರು ನಕ್ಕರು. “ಮೊದಲ ದಿನ ನಂಗೂ ತಿಳಿದಿರ್ಲಿಲ್ಲ. ನಾಳೆ ಕೆಲಸ ಮುಗಿಸ್ಕೊಂಡು ಮೇಲೆ ಬಾ.”

ಅವರ ಕಂಪ್ಯೂಟರಿಗೆ ಪರದೆಯ ಮೇಲಿದ್ದುದನ್ನು ತಾನೇ ಓದಿ ಹೇಳುವ ದನಿ ಇತ್ತು. ನಾನು ಕೂತಾಗ ಅದನ್ನು ಬಂದ್ ಮಾಡಿ, “ನೀನು ಓದು” ಅನ್ನುತ್ತಿದ್ದರು. ಬರೆದ ಪ್ರೋಗ್ರಾಂನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು. ಎಷ್ಟೋ ಚಿಹ್ನೆಗಳ ಹೆಸರೇ ನನಗೆ ಗೊತ್ತಿರಲಿಲ್ಲ. ಬಳುಕಿದ ಆವರಣ ಚಿಹ್ನೆಗೆ ಮೀಸೆ ಅಂತ ಹೆಸರಿಟ್ಟೆವು. ಸಾಲಿನ ಕೊನೆಗೆ ಬರುವ ಎರಡು ಚುಕ್ಕಿ, ವಿಸರ್ಗ. “ವಿಸರ್ಗ ಎಲ್ಲಿ? ನಂಗೆ ಕೇಳಿಸ್ಲಿಲ್ಲ” ಅನ್ನುವರು. ನೋಡಿದರೆ ನಾನು ಹಾಕಿಯೇ ಇರುತ್ತಿರಲಿಲ್ಲ.

ನಾನು ಕಂಡಕಂಡ ವಿಡಿಯೋಗಳನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು ಯಾವುದನ್ನೂ ಮುಗಿಸುತ್ತಿರಲಿಲ್ಲ. ಅಕ್ಕ ಎಲ್ಲವನ್ನೂ ಬಿಡಿಸಿ ಎರಡನ್ನು ಮಾತ್ರ ಹಿಡಿಸಿದರು. ಒಂದು, ನಾನು ಕಲಿಯುತ್ತಿದ್ದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಮಾಡಿದವರೇ ಹೊಸಬರಿಗೆಂದು ಬರೆದು ಬಿಟ್ಟಿಯಾಗಿ ಇಟ್ಟ ಪಾಠ. ಇನ್ನೊಂದು, ಯಾರೋ ಮೇಷ್ಟರು ಕನ್ನಡದಲ್ಲಿ ನಿಧಾನವಾಗಿ ಹೇಳಿದ ವಿಡಿಯೋ ಸರಣಿ. ಕನ್ನಡದ್ದು ಕೇಳಿ, ಇಂಗ್ಲಿಷಿನದ್ದು ಓದಬೇಕು. ಎರಡಕ್ಕೂ ಬಗ್ಗದ್ದನ್ನು ಪ್ರೋಗ್ರಾಂ ಬರೆಯುವವರು ಒಬ್ಬರನ್ನೊಬ್ಬರು ಕೇಳುವ ಜಾಲತಾಣದಲ್ಲಿ ನನ್ನಿಂದಲೇ ಕೇಳಿಸಿದರು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅಷ್ಟು ಬರೆ ಸಾಕು, ಗೋಳು ಬೇಡ ಅಂದರು. ಯಾವುದೋ ಊರಿನವರು ಉತ್ತರ ಬರೆದಿದ್ದರು... ಆ ಸಂಜೆ ನಾನು ಅದನ್ನು ಅವರಿಗೆ ಎಷ್ಟು ಸಲ ಓದಿ ಹೇಳಿದೆನೋ.

ಪ್ರೋಗ್ರಾಂ ಕೆಟ್ಟಾಗ ನಾನು ಊಹೆ ಹೇಳುತ್ತಿದ್ದೆ. ಹಿಂಗಾಗಿರಬೇಕು, ಹಂಗಾಗಿರಬೇಕು. ಆಗ ಅವರ ದನಿ ಗಡುಸಾಗುತ್ತಿತ್ತು. “ನಿಂಗೆ ಅನ್ಸಿದ್ದು ಬೇಡ. ಅಲ್ಲಿ ಇರೋದನ್ನ ಹೇಳು.”

ಆ ವರ್ಷ ಮಳೆಗಾಲದಲ್ಲಿ ರಸ್ತೆಯೇ ಕೆರೆಯಾಯಿತು. ನಮ್ಮ ಕೋಣೆಗೂ ನೀರು ಬಂದು, ಪಾತ್ರೆ ಹಾಸಿಗೆ ಸಮೇತ ಅಕ್ಕನ ಮನೆಯ ಹಜಾರಕ್ಕೆ ಹೋದೆವು. ಮಾರನೆಯ ಬೆಳಿಗ್ಗೆ ಅವರಿಗೆ ಡಯಾಲಿಸಿಸ್. ತಪ್ಪಿಸುವಂತಿರಲಿಲ್ಲ, ಆಗಲೇ ಉಸಿರು ಕಟ್ಟುತ್ತಿತ್ತು. ಆಟೋ ಇಲ್ಲ, ಕ್ಯಾಬ್ ಇಲ್ಲ. ಅಪ್ಪ ಜನರನ್ನು ದಾಟಿಸುತ್ತಿದ್ದ ಟ್ರ್ಯಾಕ್ಟರೊಂದನ್ನು ಕರೆತಂದ. ಮಂಡಿನೋವಿದ್ದ ಅಕ್ಕನ ತಾಯಿಗೆ ಹತ್ತಲಾಗಲಿಲ್ಲ. ಅಕ್ಕನ ಜೊತೆ ನಾನು ಹೋದೆ.

ಟ್ರೇಲರ್ ಅಲುಗಿದಾಗಲೆಲ್ಲ ಅವರು ನನ್ನ ಮುಂಗೈಯನ್ನು ಹಿಂಡುತ್ತಿದ್ದರು. ಅವರು ಹೆದರಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

“ಏನಿದೆ ಹೇಳು,” ಅಂದರು.

“ಭಾಳ ನೀರೈತ್ರೀ ಅಕ್ಕಾರ.”

“ಭಾಳ ಅಂದ್ರೆ?”

ನನಗೆ ಅರ್ಥವಾಯಿತು. ಕಂಡದ್ದನ್ನು ಒಂದೊಂದಾಗಿ ಹೇಳತೊಡಗಿದೆ. ಟ್ರ್ಯಾಕ್ಟರಿನ ಗಾಲಿ ಅರ್ಧ ಮುಳುಗಿದೆ. ಎಡಕ್ಕೆ ಬಿಳಿ ಕಾರು, ಅದರ ತಲೆ ಮಾತ್ರ ಕಾಣುತ್ತಿದೆ. ಒಬ್ಬರು ನಾಯಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದಾರೆ, ಅವರಿಗೆ ಸೊಂಟದವರೆಗೆ ನೀರು. ಈಗ ತೊಡೆಯವರೆಗೆ. ಮುಂದೆ ಡಾಂಬರು ಕಾಣುತ್ತಿದೆ. ಹೇಳುತ್ತಾ ಹೋದಂತೆ ಅವರ ಹಿಡಿತ ಸಡಿಲಾಯಿತು. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಜೋಡಿಸುವ ಮುಂಚೆ, “ಸರಿಯಾಗಿ ಓದಿದೆ,” ಅಂದರು. ಅದರ ಹಿಂದೆ ಮುಂದೆ ನನ್ನನ್ನು ಅವರು ಹೊಗಳಿದ ನೆನಪಿಲ್ಲ.

ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಸೋಂಕು ಅಂದರು. ನಾಲ್ಕು ದಿನ ಆಸ್ಪತ್ರೆ, ಅಷ್ಟೇ... ನಾನು ಅಂಗಡಿಯಲ್ಲಿದ್ದೆ. ಅವ್ವ ಫೋನ್ ಮಾಡಿದಳು.

ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿದ್ದು ಅದಾಗಿ ಬಹಳ ತಿಂಗಳ ಮೇಲೆ, ಸಣ್ಣ ಕಂಪನಿಯೊಂದರಲ್ಲಿ. ಈಗ ನಾವು ಕೆ.ಆರ್. ಪುರದಲ್ಲಿದ್ದೇವೆ. ಮೊನ್ನೆ ಆ ಮನೆಗೆ ಹೋಗಿದ್ದೆ. ಅಕ್ಕನ ತಾಯಿ ಬಾಗಿಲಲ್ಲೇ ಕೂತಿದ್ದರು. ಕೆಲಸದ ಬಗ್ಗೆ, ಅವ್ವನ ಬಗ್ಗೆ ಕೇಳಿ ಕಾಫಿ ಕೊಟ್ಟರು. ಆಮೇಲೆ ಇದ್ದಕ್ಕಿದ್ದಂತೆ ಹೇಳಿದರು: “ಒಂದಿನ ನನ್ನ ಕೇಳಿದ್ಲು ಕಣಮ್ಮ. ಆ ಹುಡ್ಗಿ ನೋಡಕ್ಕೆ ಹೆಂಗವ್ಳೆ ಅಂತ.”

“ನೀವೇನಂದ್ರಿ?”

“ಉದ್ದಕ್ಕವ್ಳೆ, ನಗೋವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ ಅಂದೆ. ಇನ್ನೂ ಹೇಳು ಅಂದ್ಲು. ಅಷ್ಟರಲ್ಲಿ ಯಾರೋ ಬಂದ್ರು... ಹೇಳಕ್ಕಾಗ್ಲಿಲ್ಲ.”

ಅಕ್ಕ ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ, ನಾನಾಗಿ ಹೇಳಬೇಕೆಂದು ನನಗೂ ತೋಚಲಿಲ್ಲ.