ಸದ್ದು ಮಾಡದೆ ಬರುವವರು

ರಸ್ತೆ ಕೆಲಸದ ಸೂಪರ್‌ವೈಸರ್ ಆಗಿದ್ದಾಗ ಗುಬ್ಬಿಯಲ್ಲಿ ಶಾಲೆ ಮುಂದೆ ವೇಗ ತಗ್ಗಿಸಲು ರಸ್ತೆಗೆ ಅಡ್ಡಲಾಗಿ ಸಾಲು ಉಬ್ಬುಪಟ್ಟಿ ಹಾಕಿಸಿದ್ದೆ. ವಾರದೊಳಗೆ ಪಕ್ಕದ ಮನೆಯಾಕೆಯಿಂದ ದೂರು ಬಂತು. ಲಾರಿಗಳ ದಡದಡ ಸದ್ದು ತಡೆಯಲಾಗದೆ ಪಟ್ಟಿ ಕೀಳಿಸಿ ಅನ್ನುತ್ತಾರೆ ಅಂದುಕೊಂಡು, ಉತ್ತರ ಬಾಯಿಪಾಠ ಮಾಡಿಕೊಂಡೇ ಹೋದೆ.

“ಸದ್ದು ಒಗ್ಗೋಗೈತೆ ಬುಡಿ ಸಾರ್” ಅಂದರು ಆಕೆ. ರಸ್ತೆಯಂಚಿನ ಜಗಲಿಯಿಂದ ಕಾಲು ಇಳಿಬಿಟ್ಟು ಅವರ ಮಾವ ಕೂತಿದ್ದರು. ಕಣ್ಣು ಕಾಣದು, ಕಿವಿಯೂ ಮಂದ. “ದಡದಡ ಅಂದ್ರೆ ಗಾಡಿ ಬಂತು ಅಂತ ನಮ್ಮಾವ ಕಾಲು ಎಳ್ಕೋತಾರೆ. ಸ್ಕೂಟರ್‌ನೋರು ಪಟ್ಟಿ ತಪ್ಪಿಸ್ಕೊಂಡು ಈ ಮಣ್ಣಲ್ಲಿ ನುಗ್ತಾರಲ್ಲ, ಅವ್ರು ಬಂದಿದ್ದೇ ಗೊತ್ತಾಗಲ್ಲ. ಪಟ್ಟೀನ ಜಗಲಿವರ್ಗೂ ಎಳ್ಸಿ.”

ಕಲಿತು ಹೋಗಿದ್ದ ಉತ್ತರ ಒಂದೂ ಕೆಲಸಕ್ಕೆ ಬರಲಿಲ್ಲ. ಟೇಪು ಹಿಡಿದು ಅಳೆದೆ. ಪಟ್ಟಿಗೂ ಜಗಲಿಗೂ ನಡುವೆ ಮೂರಡಿ ಮಣ್ಣು. ಬರೆದುಕೊಂಡು, ಪಟ್ಟಿಗಿಂತ ಸ್ವಲ್ಪ ಹಿಂದೆ ರಸ್ತೆಯಲ್ಲಿ ನಿಲ್ಲಿಸಿದ್ದ ಸ್ಕೂಟರ್ ಹತ್ತಿ ಹೊರಟೆ.

“ಸಾರ್, ಕಾಲು!” ಅಂತ ಆಕೆ ಕಿರುಚಿದರು.

ಬ್ರೇಕ್ ಒತ್ತಿದೆ. ನನ್ನ ಸ್ಕೂಟರ್ ಪಟ್ಟಿ ಬಿಟ್ಟು ಮಣ್ಣಿಗೆ ಇಳಿದಿತ್ತು. ಅಜ್ಜ ಕಾಲು ಎಳೆದುಕೊಂಡಿರಲಿಲ್ಲ.

ಆಮೇಲೆ ರಿಪೋರ್ಟಿನಲ್ಲಿ ‘ಬೇಜವಾಬ್ದಾರಿ ಸವಾರರು’ ಅಂತ ಬರೆಯುವಾಗ ಪೆನ್ನು ಸ್ವಲ್ಪ ತಡವರಿಸಿತು.